ದೇವರನ್ನೂ ಎಣಿಸು

ನನಗೆ ಪಿಸುಮಾತು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದ ರಾದ್ಧಾಂತಕ್ಕೆಲ್ಲ ಇದೇ ಕಾರಣ. ಶಾಲೆಯಲ್ಲಿ ಪಕ್ಕದವಳ ಕಿವಿಗೆ ಹೇಳಿದ ಮಾತು ಮೇಷ್ಟ್ರಿಗೆ ಕೇಳಿಸಿ ಬೆಂಚಿನ ಮೇಲೆ ನಿಂತವಳು ನಾನು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, ನಾನು ಒಳಮನೆಯಲ್ಲಿ "ಆ ಮೀಸೆ ನೋಡೇ" ಅಂದದ್ದನ್ನು ಕೇಳಿಸಿಕೊಂಡು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಎದ್ದು ಹೋಗಿದ್ದರು. ಹಾಳು ಗಂಟಲು! ಆದರೆ ಅದೇ ಗಂಟಲು ಆಮೇಲೆ ನನಗೆ ಅನ್ನ ಹಾಕಿತು.

ಕಾಲೇಜು ಮುಗಿಸಿದ ವರ್ಷ ಶಿಡ್ಲಘಟ್ಟದ ಮೈಕ್‌ಸೆಟ್ ಅಂಗಡಿಯವರೊಬ್ಬರು ನನ್ನ ಕೈಗೆ ಮೈಕು ಕೊಟ್ಟು "ಒಂದೆರಡು ಮಾತಾಡಮ್ಮ" ಅಂದರು. ಅಲ್ಲಿಂದ ಶುರು. ನಾಳೆ ನಲ್ಲಿ ನೀರು ಬರುವುದಿಲ್ಲ, ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಿ, ಕಣ್ಣಿನ ತಪಾಸಣೆ ಶಿಬಿರಕ್ಕೆ ಬನ್ನಿ, ಕೆಂಪು ಫ್ರಾಕು ಹಾಕಿದ ಮಗು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದೆ. ಇವೆಲ್ಲ ನನ್ನ ದನಿಯಲ್ಲೇ ಊರಿಗೆ ತಲುಪುತ್ತಿದ್ದವು. ಚುನಾವಣೆ ಬಂದರೆ ಆಟೋ ಹತ್ತುತ್ತಿದ್ದೆ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಯಾರು ಕರೆದರೆ ಅಲ್ಲಿ. ಒಂದು ವಾಕ್ಯ ಕನ್ನಡ, ಒಂದು ವಾಕ್ಯ ತೆಲುಗು. ನಮ್ಮ ಕಡೆ ಹಾಗೆ ಹೇಳಿದರೇ ಜನ ಬಾಗಿಲಿಗೆ ಬರುವುದು. ಹಳ್ಳಿಗಳಲ್ಲಿ ನನಗೆ ಮೈಕಕ್ಕ ಅಂತಲೇ ಹೆಸರು.

ಬೇಸಿಗೆಯ ಮಧ್ಯಾಹ್ನ ಆಟೋದ ಹಿಂದಿನ ಸೀಟಿನಲ್ಲಿ ಕೂತು ಮಾತಾಡುತ್ತಾ ಹೋಗುವುದು ನಿದ್ದೆಗೂ ಎಚ್ಚರಕ್ಕೂ ನಡುವಿನ ಕೆಲಸ. ನನ್ನ ದನಿ ನನಗಿಂತ ಮುಂಚೆ ಊರು ಸೇರುತ್ತಿತ್ತು. ನಾನು ಇನ್ನೂ ಕೆರೆ ಏರಿಯ ಮೇಲಿದ್ದರೆ ಅದು ಆಗಲೇ ಯಾರದೋ ಅಡುಗೆಮನೆ ಹೊಕ್ಕಿರುತ್ತಿತ್ತು. ಕೈವಾರದ ಕಡೆ ಹೋದಾಗ ಬೆಟ್ಟಕ್ಕೆ ತಾಗಿ ತಿರುಗಿ ಬರುತ್ತಿತ್ತು. ಯಾರೋ ಬೇರೆ ಹೆಂಗಸು ದೂರದಲ್ಲಿ ನಿಂತು ನನ್ನನ್ನೇ ಓಟು ಕೇಳುತ್ತಿದ್ದಾಳೆ ಅನ್ನಿಸುತ್ತಿತ್ತು. ಒಂದೊಂದು ಸಲ ಕಣ್ಣು ಮುಚ್ಚಿಯೇ ಹೋಗುತ್ತಿತ್ತು, ಬಾಯಿ ಮಾತ್ರ ನಡೆಯುತ್ತಿತ್ತು. ಡ್ರೈವರು "ಅಕ್ಕ, ಊರು ದಾಟಿ ಎರಡು ಮೈಲಿ ಆಯ್ತು, ಯಾರಿಗೆ ಹೇಳ್ತಿದ್ದೀರಾ?" ಅಂತ ಕೇಳುತ್ತಿದ್ದ. ನೋಡಿದರೆ ಎರಡೂ ಕಡೆ ಬರೀ ಹಿಪ್ಪುನೇರಳೆ ತೋಟ. ಆ ಸೊಪ್ಪಿಗೇ ಓಟು ಕೇಳಿದ್ದೆ.

ಈ ಕೆಲಸಕ್ಕೆ ಕಟ್ಟುಪಾಡುಗಳು ಬಹಳ. ಪರವಾನಗಿ ಕಾಗದ ಆಟೋದ ಗಾಜಿಗೆ ಅಂಟಿರಬೇಕು. ಆಸ್ಪತ್ರೆ ಬಂದರೆ ಮೈಕು ಆಫ್. ಬೆಳಿಗ್ಗೆ ಇಷ್ಟು ಗಂಟೆಗೆ ಮುಂಚೆ ಇಲ್ಲ, ರಾತ್ರಿ ಇಷ್ಟರ ಮೇಲೆ ಇಲ್ಲ. ಎದುರಾಳಿಯ ಮನೆ ವಿಷಯ ಎತ್ತಬಾರದು, ಜಾತಿ ಎತ್ತಬಾರದು, ದೇವರ ಹೆಸರಲ್ಲಿ ಓಟು ಕೇಳಬಾರದು. ಹಿಂದೊಂದು ಚುನಾವಣಾ ಆಫೀಸಿನ ಜೀಪು, ಅದರಲ್ಲೊಬ್ಬ ಕ್ಯಾಮೆರಾ ಹಿಡಿದವನು. ಒಮ್ಮೆ ಗೌರಿಬಿದನೂರಿನ ಕಡೆ ಒಬ್ಬ ಅಜ್ಜ ಆಟೋ ನಿಲ್ಲಿಸಿ ನನಗೆ ಎಳನೀರು ಕೊಟ್ಟ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ತಾತ" ಅಂದೆ. ಮೈಕು ಆನ್ ಇತ್ತು ನೋಡಿ! ಸಂಜೆ ಆಫೀಸಿನಿಂದ ನೋಟಿಸು. ಎಳನೀರಿಗೆ ಥ್ಯಾಂಕ್ಸ್ ಹೇಳಿದ್ದು ಅಂತ ಅವರಿಗೆ ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು. ಅವತ್ತಿನಿಂದ ದೇವರ ವಿಷಯದಲ್ಲಿ ನಾನು ಬಹಳ ಹುಷಾರು.

ಈಗ ಹೇಳಹೊರಟಿರುವ ಚುನಾವಣೆಯಲ್ಲಿ ನಾನು ಕೂಗಿದ್ದು ಐದನೇ ನಂಬರಿನ ಅಭ್ಯರ್ಥಿಗೆ. ಹೆಸರು, ಗುರುತು ಎರಡೂ ಇಲ್ಲಿ ಬೇಡ. "ಕ್ರಮ ಸಂಖ್ಯೆ ಐದು, ಮರೆಯದಿರಿ ಐದು" ಅಂತ ಮೂರು ವಾರ ಕೂಗಿದೆ. ಕೂಗಿ ಕೂಗಿ ನನಗೇ ನಂಬಿಕೆ ಬಂದುಬಿಟ್ಟಿತ್ತು. ಆ ಮನುಷ್ಯ ಗೆದ್ದೇ ಬಿಟ್ಟರೆ ಕೆರೆಗಳೆಲ್ಲ ತುಂಬುತ್ತವೆ, ಬಸ್ಸುಗಳೆಲ್ಲ ಹೊತ್ತಿಗೆ ಸರಿಯಾಗಿ ಬರುತ್ತವೆ ಅಂತ ಕನಸು ಬೀಳುತ್ತಿತ್ತು. ಕನಸಿನಲ್ಲೂ ನಾನೇ ಅನೌನ್ಸ್ ಮಾಡುತ್ತಿದ್ದೆ.

ಮತದಾನಕ್ಕೆ ಎರಡು ದಿನ ಇದ್ದಾಗ ಸಂಜೆ ಬಹಿರಂಗ ಪ್ರಚಾರ ಮುಗಿಯಿತು. ಆ ಹೊತ್ತಿಗೆ ನಾವು ದಿಬ್ಬೂರಹಳ್ಳಿಯ ಹತ್ತಿರ, ನನ್ನ ತವರೂರಿನ ದಾರಿಯಲ್ಲೇ ಇದ್ದೆವು. ಡ್ರೈವರು ಗಡಿಯಾರ ನೋಡಿ ವೈರು ಕಿತ್ತ. ಅರ್ಧ ಮಾತು ನನ್ನ ಬಾಯಲ್ಲೇ ಉಳಿಯಿತು. ಅಬ್ಬಾ, ಆ ನಿಶ್ಶಬ್ದ! ಮೂರು ವಾರದಿಂದ ಕೇಳಿಸದೇ ಇದ್ದದ್ದೆಲ್ಲ ಒಂದೊಂದಾಗಿ ಕೇಳಿಸತೊಡಗಿತು. ಹೊಂಗೆ ಎಲೆ ಅಲ್ಲಾಡುವುದು, ಯಾರೋ ಬಿಂದಿಗೆ ಇಳಿಸುವುದು, ದೂರದಲ್ಲಿ ಎಮ್ಮೆಯೊಂದು ಮೂಗು ಸೀಟುವುದು. ಡ್ರೈವರನ್ನು ಕಳಿಸಿ ಅಲ್ಲಿಂದ ಅಮ್ಮನ ಮನೆಗೆ ನಡೆದುಕೊಂಡೇ ಹೋದೆ. ಕಿವಿಯೊಳಗೆ ಮಾತ್ರ ಇನ್ನೂ ಐದು, ಐದು ಅಂತ ಬಡಿಯುತ್ತಿತ್ತು.

ಅಮ್ಮನಿಗೆ ಕಣ್ಣು ಹೋಗಿ ಹನ್ನೆರಡು ಹದಿಮೂರು ವರ್ಷವಾಗಿತ್ತು. ಒಂದೇ ಸಲ ಹೋಗಿದ್ದಲ್ಲ, ಸಂಜೆ ಆದ ಹಾಗೆ ಮೆಲ್ಲಗೆ ಮಸುಕಾಗುತ್ತಾ ಹೋಯಿತು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅತ್ತಿಗೆಯ ಜೊತೆ ಇದ್ದಳು. ರೇಷ್ಮೆ ಹುಳ ಸಾಕುವ ಮನೆ. ಕಣ್ಣಿಲ್ಲದಿದ್ದರೂ ಹುಳಮನೆಯ ಅರ್ಧ ಕೆಲಸ ಅಮ್ಮನದೇ. ಸೊಪ್ಪು ಒಣಗಿದೆಯೋ ಹಸಿಯೋ ಮುಟ್ಟಿ ಹೇಳುತ್ತಿದ್ದಳು. ಹುಳ ತಿನ್ನುವ ಸದ್ದು ಕೇಳಿಯೇ ಇವಕ್ಕೆ ಹೊಟ್ಟೆ ತುಂಬಿದೆ ಅನ್ನುತ್ತಿದ್ದಳು. ಹುಳಕ್ಕೆ ಗದ್ದಲ ಆಗಬಾರದು ಅಂತ ಅವಳ ನಂಬಿಕೆ. ಅದಕ್ಕೇ ಜೀವಮಾನವೆಲ್ಲ ಮೆತ್ತಗೆ ಮಾತಾಡಿದವಳು. ಅಪ್ಪನ ಮುಂದೆಯೂ ಮೆತ್ತಗೆ, ಜಗಳಕ್ಕೂ ಮೆತ್ತಗೆ. ಇಂಥವಳ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ ಅಂತ ಊರವರಿಗೆಲ್ಲ ಆಶ್ಚರ್ಯ.

ಅವಳದ್ದೊಂದು ಪದ್ಧತಿ ಇತ್ತು, ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಬಂದದ್ದು. ಏನನ್ನು ಎಣಿಸಿದರೂ, ಅಳೆದರೂ ಮೊದಲನೆಯದು ದೇವರಿಗೆ. ರೇಷ್ಮೆಗೂಡು ಬಿಡಿಸುವಾಗ ಕೈಗೆ ಸಿಕ್ಕ ಮೊದಲ ಗೂಡನ್ನು ಕಣ್ಣಿಗೊತ್ತಿಕೊಂಡು ಗೋಡೆಗೂಡಿನ ದೀಪದ ಹತ್ತಿರ ಇಡುತ್ತಿದ್ದಳು. ರಾಗಿ ಅಳೆದರೆ ಮೊದಲ ಸೇರು ಪಕ್ಕದ ಮೊರಕ್ಕೆ. ಆಮೇಲಿನದ್ದೇ ಒಂದು. "ದೇವರದ್ದು ಲೆಕ್ಕಕ್ಕಿಲ್ಲ" ಅನ್ನುತ್ತಿದ್ದಳು. ಚಿಕ್ಕಂದಿನಲ್ಲಿ ಇಡ್ಲಿ ಬಡಿಸುವಾಗಲೂ ಹೀಗೇ ಮಾಡಿ ನನಗೆ ಒಂದು ಕಮ್ಮಿ ಸಿಗುತ್ತಿತ್ತು ಅಂತ ನನಗೆ ಇವತ್ತಿಗೂ ಅನುಮಾನ.

ಮಾರನೆಯ ದಿನ ಹಗಲು ಹುಳಮನೆಯಲ್ಲಿ ಅಮ್ಮನ ಪಕ್ಕ ಕೂತಿದ್ದೆ. ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಜ್ವರ ಅಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮೊದಲಿನ ನಿದ್ದೆ. ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ, ತಲೆ ಎತ್ತಿಕೊಂಡು ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಕೂತಿರುತ್ತವೆ. ಉಳಿದ ದಿನ ಮಳೆ ಹನಿದ ಹಾಗೆ ಸದ್ದಿರುವ ಮನೆ ಆವತ್ತು ಮೌನವಾಗಿತ್ತು. ಬಾಗಿಲಿಗೆ ಒದ್ದೆ ಗೋಣಿಚೀಲ, ಒಳಗೆ ತಂಪು ಕತ್ತಲು, ಹೊರಗೆ ಪ್ರಚಾರ ನಿಂತ ಊರು. ಎಲ್ಲರೂ ಒಟ್ಟಿಗೇ ಪೊರೆ ಬಿಡಲು ಕೂತಿದ್ದಾರೇನೋ ಅನ್ನಿಸಿತು. ನನಗೂ ಮಂಪರು ಬಂತು.

"ನಾಳಿದ್ದಲ್ಲ, ನಾಳೆನೇ ಅಲ್ವೇನೆ ಓಟು?" ಅಂದಳು ಅಮ್ಮ. "ನೀನೇ ಕರ್ಕೊಂಡ್ ಹೋಗ್ಬೇಕು."

"ಹೋಗಣ ಬಿಡಮ್ಮ."

"ಆದ್ರೆ ನನ್ನ ಕೈ ಮುಟ್ಟಬಾರದು. ನಿಮ್ಮಪ್ಪ ಇರೋಗಂಟ ನನ್ನ ಬೆರಳು ಹಿಡಿದು ಅವರೇ ಒತ್ತೋರು. ಎಲ್ಲಿ ಒತ್ತಿದ್ರು ಅಂತ ಕೇಳಿದ್ರೆ, ನಿಂಗ್ಯಾಕೆ, ಆಯ್ತು ಬಾ, ಅನ್ನೋರು. ನಂಗೂ ವಯಸ್ಸಾಯ್ತು ಕಣೇ. ಸಾಯೋದ್ರೊಳಗೆ ಒಂದು ಓಟಾದ್ರೂ ನಂದು ಅಂತ ಹಾಕ್ಬೇಕು. ನನ್ನ ಬೆರಳು, ನಾನೇ ಎಣಿಸ್ತೀನಿ, ನಾನೇ ಒತ್ತೋದು."

ಎಷ್ಟು ಚುನಾವಣೆಗೆ ಊರೂರಿಗೆ "ನಿಮ್ಮ ಅಮೂಲ್ಯವಾದ ಮತ" ಅಂತ ಕೂಗಿದ್ದೆ! ಮನೆಯೊಳಗೆ ಒಬ್ಬಳ ಮತ ಅವಳ ಕೈಯಲ್ಲೇ ಇರಲಿಲ್ಲ ಅನ್ನುವುದು ನನಗೆ ತಿಳಿದೇ ಇರಲಿಲ್ಲ. ಆಣೆ ಮಾಡಿದೆ, ಕೈ ಮುಟ್ಟುವುದಿಲ್ಲ ಅಂತ. ಆಮೇಲೆ ಅಭ್ಯಾಸ ಬಿಡುತ್ತದೆಯೇ, "ಐದಕ್ಕೆ ತಾನೇ?" ಅಂದೆ.

"ನಾಲ್ಕಕ್ಕೆ" ಅಂದಳು.

ನನಗೆ ಮೈ ಉರಿದುಹೋಯಿತು. ಮೂರು ವಾರ ಬಿಸಿಲಲ್ಲಿ ಅರಚಿದ್ದೇನೆ, ಹೆತ್ತ ತಾಯಿ ನಾಲ್ಕು ಅನ್ನುತ್ತಾಳೆ! ಯಾಕಮ್ಮ, ಏನು ಮಾಡಿದ್ದಾನೆ ಆ ನಾಲ್ಕನೇ ನಂಬರಿನವನು, ಅಂತ ಶುರುಮಾಡಿದೆ. ಅಮ್ಮ ಬೀದಿಯ ಕಡೆ ಕೈ ತೋರಿಸಿದಳು. ಮೊದಲು ನಮ್ಮ ಮನೆ ಮುಂದಿನ ಚರಂಡಿ ಬಾಯಿ ತೆರೆದುಕೊಂಡೇ ಇರುತ್ತಿತ್ತು. ಅಮ್ಮ ಎರಡು ಸಲ ಅದರೊಳಗೆ ಬಿದ್ದು ಮೊಣಕಾಲು ಒಡೆದುಕೊಂಡಿದ್ದಳು. ನಾಲ್ಕನೇ ನಂಬರಿನವನು ಹಿಂದೆ ತಾಲ್ಲೂಕು ಮಟ್ಟದಲ್ಲಿ ಏನೋ ಆಗಿದ್ದಾಗ ಬೀದಿ ಉದ್ದಕ್ಕೂ ಅದರ ಮೇಲೆ ಕಲ್ಲುಚಪ್ಪಡಿ ಹಾಸಿಸಿದ್ದ. "ಅವತ್ತಿಂದ ಅರಳಿಕಟ್ಟೆವರೆಗೂ ಒಬ್ಬಳೇ ಹೋಗ್ತೀನಿ. ಚಪ್ಪಡಿ ಎಣಿಸ್ಕೊಂಡು ಹೋಗ್ತೀನಿ, ಎಣಿಸ್ಕೊಂಡು ಬರ್ತೀನಿ. ಯಾರ ಕೈನೂ ಹಿಡಿಯಲ್ಲ."

ಚಪ್ಪಡಿ ಹಾಕಿಸಿದರೆ ಆಯಿತೇ, ಕೆರೆ, ಕೊಳವೆಬಾವಿ, ಕಾಲೇಜು ಅಂತ ನಾನು ಭಾಷಣ ತೆಗೆದೆ. ಹುಳ ಬೆಚ್ಚುವಷ್ಟು ಜೋರಾಗಿ. ಅಮ್ಮ ತುಟಿಗೆ ಬೆರಳಿಟ್ಟು "ಊರುಕೋವೇ" ಅಂದಳು. ಸಿಟ್ಟು ಬಂದರೆ ಅವಳಿಗೆ ತೆಲುಗೇ ಬರುವುದು. "ನಿನ್ನೆ ಸಂಜೆಯಿಂದ ಯಾರೂ ಪ್ರಚಾರ ಮಾಡ್ಬಾರದಂತೆ. ನೀನೇ ತಾನೇ ಮೈಕಲ್ಲಿ ಹೇಳಿದ್ದು?"

"ಮೈಕಲ್ಲಿ ಮಾಡಬಾರದು ಅಷ್ಟೇ ಅಮ್ಮ. ಮನೇಲಿ ಮಾತಾಡಬೋದು."

"ನಿಂಗೆ ಮೈಕು ಬೇರೆ ಬೇಕಾ ತಾಯಿ? ಸುಮ್ನಿರು, ಹುಳ ಮಲಗಿದೆ."

ಹಲಗೆಯ ಮೇಲೆ ಹುಣಸೆಬೀಜ ಸಾಲಾಗಿ ಇಟ್ಟು, ಮಿಷನ್ನಿನ ಗುಂಡಿಗಳು ಹೀಗಿರುತ್ತವೆ, ಒಂದ್ಸಲ ಎಣಿಸಿ ನೋಡು ಅಂತ ಕೂಡ ಅಂದೆ. ಅಮ್ಮನಿಗೆ ಅವಮಾನವಾಯಿತು. "ಗೂಡು ಎಣಿಸಿ ಕೂದಲು ಬೆಳ್ಳಗಾಗಿದೆ, ನಂಗೆ ನಾಲ್ಕು ಎಣಿಸೋದು ಹೇಳ್ಕೊಡ್ತೀಯಾ?" ಹಲಗೆ ಅಲ್ಲೇ ಬಿಟ್ಟೆ. ಆವತ್ತು ಒಂದ್ಸಲ ಎಣಿಸಿಸಿದ್ದರೆ ಎಲ್ಲ ತಪ್ಪುತ್ತಿತ್ತು.

ಮಾರನೆಯ ಬೆಳಿಗ್ಗೆ ನಮ್ಮೂರ ಶಾಲೆಯ ಮುಂದೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿತ್ತು. ನೂರು ಮೀಟರಿನ ಗೆರೆ. ಅದರ ಒಳಗೆ ಓಟು ಕೇಳುವ ಹಾಗಿಲ್ಲ, ಗುರುತು ತೋರಿಸುವ ಹಾಗಿಲ್ಲ. ಅಮ್ಮ ಚಪ್ಪಡಿ ಎಣಿಸಿಕೊಂಡು ಬಂದವಳು, ಚಪ್ಪಡಿ ಮುಗಿದ ಮೇಲೆ ನನ್ನ ಸೆರಗಿನ ತುದಿ ಹಿಡಿದುಕೊಂಡಳು. ಪಟ್ಟಿಯಲ್ಲಿ ನನ್ನ ಹೆಸರು ಇನ್ನೂ ತವರಲ್ಲೇ ಇತ್ತು, ಮೊದಲು ಒಬ್ಬಳೇ ಹೋಗಿ ನನ್ನ ಓಟು ಹಾಕಿ ಬಂದೆ. ಆಮೇಲೆ ಅಮ್ಮನ ಜೊತೆ ಒಳಗೆ ಕಾಲಿಟ್ಟೆ.

ಒಳಗೆ ಮತಗಟ್ಟೆಯ ಅಧಿಕಾರಿ, ಬೇರೆ ತಾಲ್ಲೂಕಿನಿಂದ ಬಂದ ಮೇಷ್ಟ್ರು ಇರಬೇಕು, ಕುತ್ತಿಗೆಗೆ ಒದ್ದೆ ಟವೆಲ್ಲು ಹಾಕಿಕೊಂಡು ಕೂತಿದ್ದರು. ಗೋಡೆ ಪಕ್ಕದ ಬೆಂಚಿನಲ್ಲಿ ಏಜೆಂಟರು. ನಾಲ್ಕನೇ ನಂಬರಿನ ಏಜೆಂಟು ನಮ್ಮೂರ ಹಾಲಿನ ಡೈರಿಯವನು, ವರಸೆಯಲ್ಲಿ ನನಗೆ ತಮ್ಮನಾಗಬೇಕು. ನಾನು ಎರಡನೇ ಸಲ ಬಂದದ್ದನ್ನು ನೋಡಿದ್ದೇ ಎದ್ದು ನಿಂತ.

"ಸಾರ್, ಈಯಮ್ಮಂದು ಓಟಾಯ್ತು, ಮತ್ತೆ ಒಳಗೆ ಬರಂಗಿಲ್ಲ. ಇವರು ಐದನೇ ನಂಬರಿನ ಮೈಕು ಸಾರ್. ಇವರ ದನಿ ಕೇಳಿದ್ರೆ ಸಾಕು ಜನಕ್ಕೆ ಐದು ಅಂತ ನೆಪ್ಪಾಗ್ತದೆ."

ನನಗೆ ನಗುವೂ ಬಂತು, ಕೋಪವೂ ಬಂತು. "ಲೋ, ನನ್ನ ಗಂಟಲು ಕಳಚಿ ಗೆರೆ ಆಚೆ ಇಟ್ಟು ಬರ್ಲೇನೋ?" ಅಂದೆ. ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕೆಂದರು. ಅವನು "ನೋಡಿದ್ರಾ ಸಾರ್, ನೋಡಿದ್ರಾ" ಅಂದ.

ಅಧಿಕಾರಿ ಪುಸ್ತಕ ತಿರುವಿ ನೋಡಿದರು. ಕಣ್ಣು ಕಾಣದವರು ಒಬ್ಬರನ್ನು ಜೊತೆಗೆ ಕರೆದುಕೊಂಡು ಬರಬಹುದು, ಅದಕ್ಕೆ ಅಡ್ಡಿಯಿಲ್ಲ ಅಂದರು. ಒಂದು ಫಾರಂ ಕೊಟ್ಟು ಸಹಿ ಹಾಕಿಸಿಕೊಂಡರು. ಇವತ್ತು ಬೇರೆ ಯಾರಿಗೂ ಜೊತೆ ಹೋಗಿಲ್ಲ, ಈ ಮತದಾರರು ಹಾಕಿದ ಓಟಿನ ಗುಟ್ಟು ಬಿಡುವುದಿಲ್ಲ ಅಂತ ಅದರಲ್ಲಿತ್ತು. ಎಡಗೈ ಬೆರಳಿಗೆ ಆಗಲೇ ಮಸಿ ಇತ್ತು, ಈಗ ಬಲಗೈ ಬೆರಳಿಗೂ ಹಚ್ಚಿದರು. ಆಮೇಲೆ ಅಧಿಕಾರಿ ಸ್ವಲ್ಪ ದೀನರಾಗಿಯೇ ಹೇಳಿದರು: "ನೋಡಿಮ್ಮ, ಸುಮ್ನೆ ಗಲಾಟೆ ಬೇಡ. ಒಳಗೆ ಒಂದು ಮಾತೂ ಆಡ್ಬೇಡಿ. ತಾಯಿ ಪಾಡಿಗೆ ತಾಯಿ ಹಾಕ್ಲಿ."

ಆಯಿತು ಅಂತ ತಲೆಯಾಡಿಸಿದೆ. ಬಾಯಿಯಿಂದ ಹೇಳಲಿಲ್ಲ.

ರಟ್ಟಿನ ಮರೆಯ ಹಿಂದೆ ನಾನು ಮತ್ತು ಅಮ್ಮ. ಕಿಟಕಿಯಿಂದ ಬಿಸಿಲು ಒಂದು ಚೂರು ಬಂದು ಮಿಷನ್ನಿನ ಮೇಲೆ ಬಿದ್ದಿತ್ತು. ಬಿಳಿ ಹಲಗೆ, ಪಕ್ಕದಲ್ಲಿ ನೀಲಿ ಗುಂಡಿಗಳ ಸಾಲು. ಇದೇ ಕೋಣೆಯಲ್ಲಿ ನಾನು ಮೂರನೇ ಕ್ಲಾಸು ಓದಿದ್ದು, ಇಲ್ಲೇ ಬೆಂಚಿನ ಮೇಲೆ ನಿಂತಿದ್ದು. ಹೊರಗಿನ ಸದ್ದೆಲ್ಲ ನೀರಿನಡಿಯಿಂದ ಬಂದ ಹಾಗೆ ಕೇಳುತ್ತಿತ್ತು. ಅಮ್ಮ ಕೈ ಚಾಚಿ ಗಾಳಿಯಲ್ಲಿ ತಡಕಿ, ಹಲಗೆಯ ಅಂಚು ಹಿಡಿದು, ಮೇಲಕ್ಕೆ ಸರಿದು, ಮೊದಲನೇ ಗುಂಡಿಯನ್ನು ಮೆಲ್ಲಗೆ ಮುಟ್ಟಿದಳು. ಎಳೇ ಹುಳ ಮುಟ್ಟುವ ಹಾಗೆ, ಒತ್ತದೆ. ಆ ಬೆರಳನ್ನು ಎತ್ತಿ ಎರಡು ಕಣ್ಣಿಗೂ ಒತ್ತಿಕೊಂಡಳು. ಆಮೇಲೆ ಎರಡನೇ ಗುಂಡಿ ಮುಟ್ಟಿ, ತುಟಿ ಅಲ್ಲಾಡಿಸಿದಳು. ಒಂದು.

ಅಯ್ಯೋ ಅಂದುಕೊಂಡೆ. ಮೂರನೇ ಗುಂಡಿ, ಎರಡು. ನಾಲ್ಕನೇ ಗುಂಡಿ, ಮೂರು. ಬೆರಳು ಅದನ್ನು ದಾಟಿ ಐದನೆಯದಕ್ಕೆ ಹೋಯಿತು. ನಾಲ್ಕು ಅಂತ ತುಟಿ ಅಂದಿತು. ಅಮ್ಮನ ಮುಖದಲ್ಲಿ ಎಂಥ ಸಂತೋಷ ಅಂತೀರಿ! ಬೆರಳು ನನ್ನ ನಂಬರಿನ ಮೇಲೆ ಕೂತಿತ್ತು.

ಸತ್ಯ ಹೇಳುತ್ತೇನೆ. ಆ ಒಂದು ಕ್ಷಣ ನನಗೆ ಹಿತವಾಯಿತು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರು ಅಂತ ಅಧಿಕಾರಿಯೇ ಹೇಳಿದ್ದರು. ಕೈ ಮುಟ್ಟಬೇಡ ಅಂತ ಅಮ್ಮನೇ ಆಣೆ ಹಾಕಿಸಿಕೊಂಡಿದ್ದಳು. ಲೋಕದ ಕಾನೂನು, ಮನೆಯ ಕಾನೂನು ಎರಡೂ ನನ್ನ ಕಡೆಗಿದ್ದವು. ಒತ್ತಿದ ಮೇಲೆ ಪಕ್ಕದ ಗಾಜಿನೊಳಗೆ ಚೀಟಿ ಬರುತ್ತದೆ, ಅದನ್ನು ನೋಡುವವಳೂ ನಾನೇ. ಅಮ್ಮನಿಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ನಾಲ್ಕಕ್ಕೆ ಹಾಕಿದೆ ಅಂದುಕೊಂಡು ಚಪ್ಪಡಿ ಎಣಿಸುತ್ತಾ ಖುಷಿಯಾಗಿ ಮನೆಗೆ ಹೋಗುತ್ತಿದ್ದಳು. ಅಪ್ಪನೂ ಹೀಗೇ ತಾನೇ ಮಾಡಿದ್ದು ಅಂತ ನೆನಪಾಯಿತು. ನಿಂಗ್ಯಾಕೆ, ಆಯ್ತು ಬಾ.

ಬೆರಳು ಬಾಗುತ್ತಿತ್ತು. ಪಿಸುಗುಟ್ಟಬೇಕು ಅಂತಲೇ ಬಾಯಿ ತೆರೆದೆ, ನನ್ನ ತಾಯಾಣೆಗೂ.

"ಅಮ್ಮಾ, ದೇವರನ್ನೂ ಎಣಿಸು!"

ಕೋಣೆಯ ನಾಲ್ಕೂ ಗೋಡೆಗೆ ಬಡಿಯಿತು. ಹೊರಗೆ ಸಾಲಿನಲ್ಲಿದ್ದವರೆಲ್ಲ ತಿರುಗಿದರಂತೆ. ಅಮ್ಮ ಬೆಚ್ಚಿ ಬೆರಳು ಎತ್ತಿದಳು. ಒಂದು ಗಳಿಗೆ ಹುಬ್ಬು ಗಂಟಿಕ್ಕಿ ನಿಂತಳು. ಆಮೇಲೆ ಅವಳಿಗೆ ಅರ್ಥವಾಯಿತು. ಮತ್ತೆ ಮೇಲಿಂದ ಬಂದಳು, ದೇವರಿಂದಲೇ ಒಂದು ಅಂತ ಹಿಡಿದು, ಎರಡು, ಮೂರು, ನಾಲ್ಕು. ಒತ್ತಿದಳು. ಬೀಪ್ ಅಂತ ಉದ್ದಕ್ಕೆ ಸದ್ದಾಯಿತು. ಗಾಜಿನೊಳಗೆ ಚೀಟಿ ಬಂತು, ನಿಂತಿತು, ಬಿತ್ತು. ಸರಿಯಾಗಿತ್ತು.

ಮರೆಯಿಂದ ಆಚೆ ಬಂದರೆ ರಣರಂಗ. ಡೈರಿಯವನು ಬೆಂಚು ಬಿಟ್ಟು ಎದ್ದಿದ್ದ. "ದೇವರ ಹೆಸರಲ್ಲಿ ಓಟು ಕೇಳ್ತಾವ್ಳೆ ಸಾರ್! ಬೂತೊಳಗೆ! ಬರ್ಕೊಳ್ಳಿ ಸಾರ್, ಕೇಸ್ ಹಾಕಿ!" ಐದನೇ ನಂಬರಿನ ಏಜೆಂಟು, ನಮ್ಮ ಕಡೆಯವನು, ನನ್ನನ್ನು ನೋಡಿ ಮೀಸೆಯಡಿಯಲ್ಲೇ ನಕ್ಕು, ಭಲೇ ಅನ್ನುವ ಹಾಗೆ ಕಣ್ಣು ಮಿಟುಕಿಸಿದ. ಆ ನಗು ನೋಡಿ ನನಗೆ ಬೈಗುಳಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಅಧಿಕಾರಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಏನಮ್ಮ ಅಂದಿದ್ದು ನೀವು? ಯಾವ ದೇವರು?"

ಏನು ಹೇಳಲಿ? ಮೊದಲನೆಯದು ದೇವರಿಗೆ ಬಿಡುವ ವಿಷಯ ಹೇಳಿದರೆ, ಎಲ್ಲಿ ತಪ್ಪಿತು ಅಂತ ಹೇಳಬೇಕು. ಎಲ್ಲಿ ತಪ್ಪಿತು ಅಂತ ಹೇಳಿದರೆ ಅಮ್ಮ ಎಲ್ಲಿಗೆ ಹಾಕಿದಳು ಅಂತ ಇಡೀ ಕೋಣೆಗೆ ಗೊತ್ತಾಗುತ್ತದೆ. ಐದು ನಿಮಿಷದ ಹಿಂದೆ ತಾನೇ ಗುಟ್ಟು ಬಿಡುವುದಿಲ್ಲ ಅಂತ ಸಹಿ ಹಾಕಿದ್ದೆ. ಜೀವಮಾನವೆಲ್ಲ ಮಾತಿನಿಂದಲೇ ಬದುಕಿದವಳು, ಆವತ್ತು ಬಾಯಿ ಬಿಡಲಾಗದೆ ನಿಂತೆ. ಎದುರಿಗೆ ಡೈರಿಯವನು ಕುಣಿಯುತ್ತಿದ್ದ. ಅವನ ನಂಬರಿಗೇ ಒಂದು ಓಟು ಉಳಿಸಿಕೊಟ್ಟು ಬಂದಿದ್ದೆ. ಅದನ್ನು ಅವನಿಗೆ ಹೇಳುವ ಹಾಗಿರಲಿಲ್ಲ.

"ಸ್ವಾಮಿ, ತಪ್ಪು ಅವಳ್ದಲ್ಲ, ನಾನು ಮೊದಲನೇದು ದೇವರಿಗೆ ಬಿಟ್ಟು..." ಅಂತ ಅಮ್ಮ ಮೆಲ್ಲಗೆ ಶುರುಮಾಡಿದಳು. ತಟ್ಟನೆ ಅವಳ ಬಾಯಿಗೆ ಕೈ ಅಡ್ಡ ಇಟ್ಟೆ. ಹುಟ್ಟಿದಂದಿನಿಂದ ಅಮ್ಮನ ಬಾಯಿ ಮುಚ್ಚಿಸಿದ್ದು ಅದೊಂದೇ ಸಲ. "ಇಲ್ಲಿ ಬೇಡಮ್ಮ. ಅದು ನಿಂದು" ಅಂದೆ. ಅದೂ ಜೋರಾಗಿಯೇ ಬಂತು.

ಅಧಿಕಾರಿ ಕೆಟ್ಟವರಲ್ಲ. ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡು ಪೊಲೀಸಿನವನ ಜೊತೆ ನಮ್ಮನ್ನು ಗೆರೆಯ ಆಚೆ ಬಿಡಿಸಿದರು. ಸಂಜೆಯವರೆಗೂ ಗೆರೆ ದಾಟಬೇಡಿ ಅಂದರು, ಅಷ್ಟೇ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಒಬ್ಬಳು "ಮೈಕಕ್ಕಂಗೆ ಇದೆಲ್ಲ ಬೇಕಿತ್ತಾ, ಪಾಪ ಕಣ್ಣಿಲ್ದಿರೋ ತಾಯೀನ ಇಟ್ಕೊಂಡು" ಅಂದಳು. ಅದು ನನಗೆ ಚುಚ್ಚಿತು. ಅಳು ಬಂತು. ಅತ್ತುಬಿಟ್ಟೆ ಕೂಡ.

ಮನೆಗೆ ಹೋಗಣ ಬಾ ಅಂದರೆ ಅಮ್ಮ ಬರಲಿಲ್ಲ. ಗೆರೆಯ ಆಚೆ ಹೊಂಗೆಮರದಡಿ ಕೂತಳು. "ಎಷ್ಟು ಗಂಟೆಗೆ ಮುಗಿಯುತ್ತೆ?" ಅಂದಳು. ಆರಕ್ಕೆ ಅಂದೆ. "ಸರಿ" ಅಂದಳು. ಮಧ್ಯಾಹ್ನಕ್ಕೆ ಅತ್ತಿಗೆ ಬುತ್ತಿ ತಂದುಕೊಟ್ಟಳು. ಹುಳ ಜ್ವರದಿಂದ ಎದ್ದಿವೆ, ಹಸಿದಿವೆ, ಸೊಪ್ಪು ಹಾಕುತ್ತಿದ್ದೀವಿ ಅಂತ ಸುದ್ದಿಯನ್ನೂ ತಂದಳು. ಮುದ್ದೆ ತಿಂದು ನಾನು ಮರಕ್ಕೆ ಒರಗಿದೆ. ಸುಣ್ಣದ ಗೆರೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅದರ ಆ ಕಡೆ ಜನ ಸದ್ದಿಲ್ಲದೆ ಹೋಗುತ್ತಿದ್ದರು, ಬೆರಳಿಗೆ ಮಸಿ ಹಾಕಿಸಿಕೊಂಡು ಸದ್ದಿಲ್ಲದೆ ಬರುತ್ತಿದ್ದರು. ನಿದ್ದೆ ಹತ್ತಿತು. ಕನಸಿನಲ್ಲಿ ಆಟೋ ಕೆರೆ ಏರಿಯ ಮೇಲೆ ಹೋಗುತ್ತಿತ್ತು, ನನ್ನ ಕೈಯಲ್ಲಿ ಮೈಕಿತ್ತು, ನಾನು ಬಾಯಿ ತೆರೆದರೆ ಬರೀ ಹುಳ ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು. ಎದ್ದಾಗ ಅಮ್ಮ ಹಾಗೇ ಕೂತಿದ್ದಳು, ನೆಟ್ಟಗೆ.

ಆರು ಗಂಟೆ ಹೊಡೆಯಿತು. ಶಾಲೆಯ ಬಾಗಿಲು ಹಾಕಿದರು. ಸ್ವಲ್ಪ ಹೊತ್ತಿಗೆಲ್ಲ, ಬೆಳಕು ಇರುವಾಗಲೇ, ಏಜೆಂಟರು ಆಚೆ ಬಂದರು. ಊರಿನ ಅರ್ಧ ಜನ ಗೆರೆಯ ಹತ್ತಿರವೇ ಸೇರಿದ್ದರು. ಡೈರಿಯವನು ನನ್ನನ್ನು ನೋಡಿ, "ಇನ್ನೂ ಇಲ್ಲೇ ಇದ್ದೀಯಾ ಅಕ್ಕ? ದೇವರು ಕೈ ಬಿಟ್ನಾ?" ಅಂದ.

ಅಮ್ಮ ದನಿ ಬಂದ ಕಡೆ ತಿರುಗಿದಳು. "ಮಿಷನ್‌ಗೆ ಸೀಲ್ ಹಾಕಿದ್ರೇನಪ್ಪ?"

"ಹಾಕಾಯ್ತು ದೊಡ್ಡಮ್ಮ."

"ಇನ್ನು ಮಾತಾಡಬೋದಾ?"

"ಯಾಕ್ ಮಾತಾಡಬಾರದು? ಮಾತಾಡು."

ಅಮ್ಮ ಮರ ಹಿಡಿದು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಎಲ್ಲಿತ್ತೋ ಆ ದನಿ, ನಾನು ಕೇಳಿಯೇ ಇರಲಿಲ್ಲ. ಅರವತ್ತು ಎಪ್ಪತ್ತು ವರ್ಷ ಹುಳ ಬೆಚ್ಚದಿರಲಿ ಅಂತ ಒಳಗೇ ಇಟ್ಟುಕೊಂಡದ್ದು ಒಟ್ಟಿಗೇ ಆಚೆ ಬಂತು.

"ಕೇಳ್ರಪ್ಪೋ ಊರ್ನೋರೆಲ್ಲ! ನನ್ನ ಓಟು ನಾಲ್ಕಕ್ಕೆ! ನಾನು ಮೊದಲ್ನೇ ಗುಂಡಿ ದೇವರಿಗೆ ಬಿಟ್ಟು ಎಣಿಸ್ದೆ. ನನ್ನ ಬೆರಳು ಐದರ ಮ್ಯಾಲೆ ಹೋಗಿತ್ತು. ನನ್ನ ಮಗಳು ಸುಮ್ನಿದ್ದಿದ್ರೆ ಅವಳ ಪಾರ್ಟೀಗೇ ಬೀಳ್ತಿತ್ತು. ಸುಮ್ನಿರ್ಲಿಲ್ಲ! ನನ್ನ ಓಟು ನಂಗೆ ಉಳಿಸ್ಕೊಟ್ಲು! ಅವಳು ಗುಟ್ಟು ಬಿಡಂಗಿಲ್ಲ, ನನ್ನ ಓಟು ನಾನು ಹೇಳ್ಕೊತೀನಿ. ಯಾವನೋ ಅದು ಕೇಸ್ ಹಾಕ್ತೀನಂದಿದ್ದು?"

ಆ ದನಿ ಶಾಲೆಯ ಗೋಡೆಗೆ ತಾಗಿ ವಾಪಸ್ಸು ಬಂತು. ನನ್ನ ಗಂಟಲು ಎಲ್ಲಿಂದ ಬಂತು ಅಂತ ಆವತ್ತು ನನಗೂ ಊರಿಗೂ ತಿಳಿಯಿತು. ಡೈರಿಯವನು ನೆಲ ನೋಡುತ್ತಾ "ತಪ್ಪಾಯ್ತಕ್ಕ" ಅಂದ. ಬೆಳಿಗ್ಗೆ ಕಣ್ಣು ಮಿಟುಕಿಸಿದ್ದ ನಮ್ಮ ಕಡೆಯ ಏಜೆಂಟು ಆಗಲೇ ಫೋನು ಕಿವಿಗೆ ಹಿಡಿದು ಆ ಕಡೆ ತಿರುಗಿದ್ದ. ಅವನು ಯಾರಿಗೆ, ಏನು ಹೇಳುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ಆಮೇಲಿನ ಚುನಾವಣೆಗಳಲ್ಲಿ ಯಾವ ಪಾರ್ಟಿಯವರೂ ನನ್ನನ್ನು ಕರೆಯಲಿಲ್ಲ. ಪೋಲಿಯೊ ಹನಿಗೆ, ನೀರಿಗೆ ಈಗಲೂ ಕರೆಯುತ್ತಾರೆ.

ಮನೆಯ ಕಡೆ ಹೊರಟೆವು. ಚಪ್ಪಡಿ ಶುರುವಾಗುವಲ್ಲಿ ಅಮ್ಮ ನನ್ನ ಸೆರಗು ಬಿಟ್ಟಳು. ಮೊದಲನೇ ಚಪ್ಪಡಿಯ ಮೇಲೆ ಕಾಲಿಟ್ಟು ಒಂದು ಚೂರು ನಿಂತು, "ಇದೂ ಸೇರಿ ಒಂದು" ಅಂದಳು. ಎಣಿಸುತ್ತಾ ಮುಂದೆ ನಡೆದಳು. ನಾನು ಹಿಂದೆ. ಮನೆ ಹತ್ತಿರ ಬಂದಾಗ ಹುಳಮನೆಯಿಂದ ಸೊಪ್ಪು ತಿನ್ನುವ ಸದ್ದು ಬೀದಿಗೇ ಕೇಳುತ್ತಿತ್ತು. ಅಮ್ಮ ನಿಂತು, ಎಂದಿನ ಮೆತ್ತಗಿನ ದನಿಯಲ್ಲಿ ಕೇಳಿದಳು.

"ಬಹಳ ಜೋರಾಯ್ತೇನೆ?"

"ಆಯ್ತಮ್ಮ."

"ಆಗ್ಲಿ ಬಿಡು" ಅಂದಳು. ಒಳಗೆ ಹೋಗಿ ಕೈ ತೊಳೆದುಕೊಂಡು ಸೊಪ್ಪಿನ ಬುಟ್ಟಿ ಹುಡುಕಿದಳು.